ಅನಸೂಯ ಬರೆದ ಶಿಫಾರಸುಗಳು

ಪಾಸಿರ್ ಪಂಜಾಂಗ್ ಬಂದರಿನ ಒಂದು ಹಡಗು ಕಂಪನಿಯಲ್ಲಿ ಅನಸೂಯ ಹತ್ತೊಂಬತ್ತು ವರ್ಷ ಕಾಗದಪತ್ರ ನೋಡಿಕೊಂಡಿದ್ದಳು. ಯಾವ ಕಂಟೇನರಿನಲ್ಲಿ ಏನಿದೆ, ಕಳಿಸಿದವರು ಯಾರು, ಎಲ್ಲಿ ಇಳಿಯಬೇಕು ಎಂಬ ವಿವರವೆಲ್ಲ ಅವಳ ಕಣ್ಣು ದಾಟಿಯೇ ಹೋಗಬೇಕು. ಒಂದು ಅಂಕಿ ಆಚೀಚೆಯಾದರೂ ರಾಟರ್‌ಡ್ಯಾಮಿಗೆ ಹೊರಟ ಹೊಲಿಗೆ ಯಂತ್ರಗಳು ಡರ್ಬನ್ನಿನಲ್ಲಿ ಇಳಿದು ತಿಂಗಳುಗಟ್ಟಲೆ ಬಿಸಿಲು ಕಾಯಿಸುತ್ತ ಕೂತಿರುತ್ತವೆ. ಹಾಗೆ ಕೂರಲು ಅವಳು ಬಿಟ್ಟದ್ದು ಬಹಳ ಕಡಿಮೆ.

ಅವಳಿಗೆ ಐವತ್ತೊಂದು ತುಂಬಿದ ವರ್ಷ, ಮಾರ್ಚ್ ತಿಂಗಳಲ್ಲಿ, ಅವಳ ವಿಭಾಗದ ಕೆಲಸವನ್ನೆಲ್ಲ ಬೇರೆ ದೇಶದ ಆಫೀಸಿಗೆ ಸಾಗಿಸುತ್ತೇವೆಂದು ಕಂಪನಿ ಹೇಳಿತು. ಹನ್ನೊಂದು ಜನಕ್ಕೆ ಒಟ್ಟಿಗೆ ವಿದಾಯ. ಕೊನೆಯ ದಿನ ಮಾವಿನಹಣ್ಣಿನ ಕೇಕು ತರಿಸಿದ್ದರು. ಅನಸೂಯ ಎರಡು ತುಂಡು ತಿಂದು, ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿ ಚೋವಾ ಚು ಕಾಂಗ್ ಬಡಾವಣೆಯ ಮನೆಗೆ ಬಂದಳು.

ಮನೆಯಲ್ಲಿ ಇದ್ದದ್ದು ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳಿಕೊಡುವ ಗಂಡ ಸಂಪತ್ ಮತ್ತು ಹದಿನೇಳರ ಮಗಳು ವರ್ಣಿಕಾ. ವರ್ಣಿಕಾ ಕೇಕು ತಿನ್ನುತ್ತಲೇ ಲ್ಯಾಪ್‌ಟಾಪ್ ತೆರೆದಳು. ಆ ಊರಿನವರಂತೆ ಅವಳ ಮಾತಿನ ಕೊನೆಗೂ ಒಂದು ‘ಲಾ’ ಬರುತ್ತಿತ್ತು.

“ಅಮ್ಮಾ, ನಿಂಗೆ ಲಿಂಕ್ಡ್‌ಇನ್ ಪ್ರೊಫೈಲೇ ಇಲ್ವಾ? ಇಷ್ಟು ವರ್ಷ ಕೆಲ್ಸ ಮಾಡಿದೀಯ, ಆನ್‌ಲೈನಲ್ಲಿ ನೀನು ಎಕ್ಸಿಸ್ಟೇ ಆಗಲ್ಲ ಲಾ!”

“ನಾನು ಎಕ್ಸಿಸ್ಟ್ ಆಗಿದ್ದಕ್ಕೇ ನಿಂಗೆ ಕೇಕ್ ಸಿಕ್ಕಿದ್ದು.”

ಅವತ್ತೇ ಪ್ರೊಫೈಲು ತಯಾರಾಯಿತು. ಕಟ್ಟಡದ ಕೆಳಗಿನ ತೆರೆದ ಹಜಾರವಾದ ವಾಯ್ಡ್ ಡೆಕ್ಕಿನ ಬಿಳಿ ಕಂಬದ ಮುಂದೆ ನಿಲ್ಲಿಸಿ ವರ್ಣಿಕಾ ಫೋಟೋ ತೆಗೆದಳು. ಹೆಸರಿನ ಕೆಳಗೆ ‘ಪ್ಯಾಶನೇಟ್ ಡಾಕ್ಯುಮೆಂಟೇಶನ್ ಪ್ರೊಫೆಶನಲ್’ ಎಂದು ಬರೆದದ್ದಕ್ಕೆ ಮಾತ್ರ ಅನಸೂಯ ಒಪ್ಪಲಿಲ್ಲ.

“ಪ್ಯಾಶನ್ ಎಲ್ಲಿಂದ ಬಂತೇ? ಎಚ್ಚರಿಕೆಯಿಂದ ಮಾಡ್ತೀನಿ, ಅಷ್ಟೇ.”

“ಎಲ್ಲರೂ ಹಾಗೇ ಬರೀತಾರಮ್ಮಾ.”

“ಎಲ್ಲರೂ ಬರೆದಿದ್ರೆ ನಂದನ್ನ ಯಾಕೆ ಓದ್ತಾರೆ?”

ಕೊನೆಗೆ ‘ಎಚ್ಚರಿಕೆಯ’ ಎಂದೇ ಉಳಿಯಿತು.

ಮೂರು ತಿಂಗಳಲ್ಲಿ ಮುನ್ನೂರು ಜನ ಅವಳ ‘ಸಂಪರ್ಕ’ಕ್ಕೆ ಬಂದರು. ನಲವತ್ತು ಕಡೆ ಅರ್ಜಿ ಹಾಕಿದಳು. ಮೂರು ಕಡೆಯಿಂದ ಉತ್ತರ ಬಂತು, ಮೂರೂ ಕಡೆ ಇಲ್ಲವೆಂದೇ. ಒಬ್ಬರು ವಿಮೆ ಮಾರಲು ನೋಡಿದರು. ಇನ್ನೊಬ್ಬ ಮಹಾಶಯರು ಆರು ವಾರದಲ್ಲಿ ಅವಳೊಳಗಿನ ನಾಯಕಿಯನ್ನು ಹೊರಗೆ ತರುತ್ತೇನೆಂದರು. ಒಂದು ಕಂಪನಿಯವರಂತೂ ಕ್ರೇನ್ ಓಡಿಸಲು ಬರುತ್ತೀರಾ ಎಂದು ಕೇಳಿದರು. ಆ ಸಂಜೆ ಅನಸೂಯ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟಳು.

“ಈ ಸೈಟು ಮದುವೆ ಮನೆ ಇದ್ದ ಹಾಗೆ ಕಣೇ” ಎಂದ ಸಂಪತ್. “ಎಲ್ಲರೂ ಕೈ ಕುಲುಕ್ತಾರೆ, ಊಟದ ಹಾಲ್ ಎಲ್ಲಿ ಅಂತ ಯಾರೂ ಹೇಳಲ್ಲ.”

ಹೀಗೆ ಬೇಸರವಾಗಿ ಅಲ್ಲಿ ಇಲ್ಲಿ ಒತ್ತುತ್ತಿದ್ದಾಗಲೇ ಅವಳ ಕಣ್ಣಿಗೆ ಬಿದ್ದದ್ದು, ಜೊತೆಗೆ ಕೆಲಸ ಮಾಡಿದವರ ಬಗ್ಗೆ ನಾಲ್ಕು ಮಾತು ಬರೆಯುವ ಜಾಗ. ತನ್ನ ಎದುರು ಮೇಜಿನಲ್ಲಿ ಹದಿಮೂರು ವರ್ಷ ಕೂತಿದ್ದ ಕೊಕ್ ವಾಯ್‌ಗೂ ಕೆಲಸ ಹೋಗಿತ್ತು. ಅವನ ಹೆಸರಿನ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಅನಸೂಯ ಮನಸ್ಸಿನಲ್ಲಿ ಮೊದಲು ಕನ್ನಡದಲ್ಲಿ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆದಳು: “ಕೊಕ್ ವಾಯ್ ಸಿಟ್ಟು ಮಾಡಿಕೊಂಡಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ, ಎರಡು ಸಲವೂ ಅವನು ಹೇಳಿದ್ದೇ ಸರಿ. ಶುಕ್ರವಾರ ನಾಲ್ಕು ಗಂಟೆಯ ನಂತರ ಅವನ ಕೆಲಸದಲ್ಲಿ ತಪ್ಪುಗಳು ಬರುತ್ತವೆ. ಅದು ಅವನಿಗೂ ಗೊತ್ತು. ಅದಕ್ಕೇ ರಾಸಾಯನಿಕಗಳ ಕಾಗದಗಳನ್ನು ಸೋಮವಾರ ಬೆಳಗ್ಗೆಗೆ ಎತ್ತಿಡುತ್ತಾನೆ. ಹದಿಮೂರು ವರ್ಷದಲ್ಲಿ ಅವನ ಒಂದು ರಾಸಾಯನಿಕ ಪೆಟ್ಟಿಗೆಯೂ ದಾರಿ ತಪ್ಪಿಲ್ಲ.”

ಕೊಕ್ ವಾಯ್ ಅದನ್ನು ಪೂರ್ತಿ ಓದದೆ ಒಪ್ಪಿಗೆಯ ಗುಂಡಿ ಒತ್ತಿದ, ಅದು ಅವನ ಪ್ರೊಫೈಲಿನಲ್ಲಿ ಎಲ್ಲರಿಗೂ ಕಾಣತೊಡಗಿತು. ಓದಿದ್ದು ಮಾರನೆಯ ದಿನ. ತಕ್ಷಣ ಫೋನು ಬಂತು.

“ಅನು! ವೈ ಯು ರೈಟ್ ಲೈಕ್ ದಟ್ ಲಾ? ಫ್ರೈಡೇ ಮಿಸ್ಟೇಕ್ ಎಲ್ಲಾ ಯಾಕೆ ಬರೆದೆ?”

“ಸಾರಿ ಕೊಕ್ ವಾಯ್, ಈಗಲೇ ಡಿಲೀಟ್ ಮಾಡ್ತೀನಿ.”

“ಬೇಡ, ಬೇಡ. ನಾಳೆ ಇಂಟರ್‌ವ್ಯೂ ಇದೆ. ಅವರು ಆಗಲೇ ನೋಡಿಬಿಟ್ಟಿದಾರೆ.”

ಅನಸೂಯಳಿಗೆ ಆ ದಿನ ಊಟ ಸೇರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನೇನೋ ಎಂದು ಒದ್ದಾಡಿದಳು. ಮರುದಿನ ಮಧ್ಯಾಹ್ನ ಮತ್ತೆ ಅವನ ಫೋನು ಬಂತು.

ಕೊಕ್ ವಾಯ್ ನಗುತ್ತಿದ್ದ. ವಿಮಾನದಲ್ಲಿ ಸರಕು ಕಳಿಸುವ ಏಜೆನ್ಸಿ ಅದು. ಅಲ್ಲಿನ ಮ್ಯಾನೇಜರು, “ಮೂವತ್ತು ಜನರ ವಿವರ ಓದಿದೆ, ಎಲ್ಲರೂ ಪರ್ಫೆಕ್ಟ್. ಶುಕ್ರವಾರ ಸುಸ್ತಾಗುವವರು ನೀವೊಬ್ಬರೇ. ಸೋಮವಾರ ಬನ್ನಿ” ಎಂದಿದ್ದರಂತೆ.

ಸುದ್ದಿ ಹಬ್ಬಿತು. ಹಳೆಯ ವಿಭಾಗದ ಉಳಿದ ಒಂಬತ್ತು ಜನರೂ ತಮ್ಮ ಬಗ್ಗೆ ಬರೆದುಕೊಡೆಂದು ಕೇಳಿದರು. ಅನಸೂಯ ದಿನಕ್ಕೊಬ್ಬರಂತೆ ಬರೆದಳು. ಬರೆಯುವ ಮುಂಚೆ ಒಂದು ನಡಿಗೆ ಹೋಗಿಬರುತ್ತಿದ್ದಳು. ಆ ಮನುಷ್ಯರು ನಿಜವಾಗಿ ಏನು ಮಾಡುತ್ತಿದ್ದರೆಂದು ನೆನಪಾಗಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ಒಂಬತ್ತರಲ್ಲಿ ನಾಲ್ವರಿಗೆ ಕೆಲಸ ಸಿಕ್ಕಿತು. ಅವಳ ಬರವಣಿಗೆಯಿಂದಲೋ ಅವರ ಅದೃಷ್ಟದಿಂದಲೋ, ಹೇಳುವುದು ಕಷ್ಟ.

ವಿಭಾಗದ ಹೊರಗಿನಿಂದ ಕೇಳಿದವರಲ್ಲಿ ಆಕರ್ಷ್ ಕೂಡ ಒಬ್ಬ. ಬೆಂಗಳೂರಿನವನು, ದೊಡ್ಡ ಬ್ಯಾಂಕಿನಲ್ಲಿ ಅಧಿಕಾರಿ. ಕನ್ನಡದವರ ಹಬ್ಬದ ಕೂಟಗಳಲ್ಲಿ ಓಡಾಡಿಕೊಂಡಿರುವವನು.

“ಆಂಟಿ, ನಂಗೂ ಒಂದು ಬರ್ಕೊಡಿ. ಸ್ಟ್ರಾಟೆಜಿಕ್ ಲೀಡರ್‌ಶಿಪ್ ಅಂತ ಹೈಲೈಟ್ ಮಾಡಿ ಪ್ಲೀಸ್.”

“ನಿನ್ನ ಬ್ಯಾಂಕ್ ವಿಷಯ ನಂಗೇನಪ್ಪ ಗೊತ್ತು? ಗೊತ್ತಿರೋದು ಬರೀಲಾ?”

“ಏನಾದ್ರೂ ಬರೀರಿ ಆಂಟಿ.”

ಅವಳು ಬರೆದಳು: “ಆಕರ್ಷ್ ಬ್ಯಾಂಕಿನಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಹಿಂದಿನ ವರ್ಷ ನಮ್ಮ ಹಬ್ಬದ ಊಟಕ್ಕೆ ಮುನ್ನೂರು ಜನ ಬಂದಿದ್ದರು, ಸಿಹಿ ಇನ್ನೂರ ನಲವತ್ತಕ್ಕೇ ಮುಗಿಯಿತು. ಇವರು ಮೈಕ್ ಹಿಡಿದು ಇದ್ದದ್ದನ್ನು ಇದ್ದಂತೆ ಹೇಳಿದರು. ಮೊದಲ ಪಂಕ್ತಿಯವರ ಹತ್ತಿರ ಹೋಗಿ ಮುಟ್ಟದೆ ಉಳಿಸಿದ ಹೋಳಿಗೆಗಳನ್ನು ಕೇಳಿ ತಂದು, ಕೊನೆಯ ಪಂಕ್ತಿಯ ಮಕ್ಕಳಿಗೆ ಅರ್ಧರ್ಧ ಬಡಿಸಿದರು. ತಾವು ತಿನ್ನಲಿಲ್ಲ.”

ಆಕರ್ಷ್ ಎರಡು ದಿನ ಅದನ್ನು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಮೂರನೆಯ ದಿನ ಹಾಕಿಕೊಂಡ. ಬ್ಯಾಂಕಿನಲ್ಲಿ ಅವನನ್ನು ಈಗ ‘ಹೋಳಿಗೆ’ ಎಂದೇ ಕರೆಯುತ್ತಾರಂತೆ. ಬಡ್ತಿ ಬಂದಿಲ್ಲ, ಆದರೆ ಏನಾದರೂ ಕೆಟ್ಟ ಸುದ್ದಿ ಹೇಳಬೇಕಾದಾಗ ಎಲ್ಲರೂ ಅವನನ್ನೇ ಮುಂದೆ ಕಳಿಸುತ್ತಾರಂತೆ.

ಅನಸೂಯಳಿಗೆ ಮಾತ್ರ ಇನ್ನೂ ಕೆಲಸವಿರಲಿಲ್ಲ. ಜುಲೈ ಕಳೆಯಿತು, ಆಗಸ್ಟ್ ಬಂತು. ಒಂದು ಮಂಗಳವಾರ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿರುವಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

“ನೀನು ಅನುನಾ? ಶಿಪ್ಪಿಂಗ್ ಆಫೀಸಿನ ಅನು? ಹಡಗಿನಲ್ಲಿ ಮೀನು ಕಳಿಸ್ತೀರಾ ಅಂತ ಕೇಳಿದವಳು?”

ಅನಸೂಯ ಒಲೆ ಆರಿಸಿದಳು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು ಅದು. ಮೇಡಂ ಗೋ ಎಂಬ ಗಿರಾಕಿಯೊಬ್ಬರು ಕಂಟೇನರಿನ ತುಂಬ ಗಾಜಿನ ಮೀನಿನ ತೊಟ್ಟಿಗಳನ್ನು ಕಳಿಸುತ್ತಿದ್ದರು. ಅವರ ಗುಮಾಸ್ತ ಅವಸರದಲ್ಲಿ ‘ಮೀನಿನ ತೊಟ್ಟಿ’ ಎನ್ನುವ ಬದಲು ‘ಜೀವಂತ ಮೀನು’ ಎಂದು ನಮೂದಿಸಿದ್ದ. ಅನಸೂಯ ಫೋನು ಮಾಡಿ, “ಮೇಡಂ, ತೊಟ್ಟಿಯೊಳಗೆ ಮೀನೂ ಇಟ್ಟಿದ್ದೀರಾ? ಹಡಗು ಇಪ್ಪತ್ತೆರಡು ದಿನ ಹೋಗುತ್ತೆ” ಎಂದಿದ್ದಳು. ಆ ಕಡೆಯಿಂದ ಬಂದ ನಗು ಅವಳಿಗೆ ಇನ್ನೂ ನೆನಪಿತ್ತು. ಈಗಲೂ ಫೋನಿನಲ್ಲಿ ಅದೇ ನಗು.

ಆಗಿದ್ದು ಇಷ್ಟು. ಚೋವಾ ಚು ಕಾಂಗಿನಾಚೆ ಮೇಡಂ ಗೋ ಅವರದು ಬಣ್ಣದ ಮೀನು ಸಾಕುವ ಫಾರಂ. ಅಲ್ಲಿಂದ ದೇಶದೇಶಗಳಿಗೆ ವಿಮಾನದಲ್ಲಿ ಮೀನು ಹೋಗುತ್ತದೆ, ಹೋಗುವುದು ಕೊಕ್ ವಾಯ್ ಸೇರಿದ ಏಜೆನ್ಸಿಯ ಮೂಲಕ. ತನ್ನ ಶುಕ್ರವಾರದ ಪ್ರಶಸ್ತಿಯನ್ನು ಕೊಕ್ ವಾಯ್ ಈಗ ಕಂಡಕಂಡವರಿಗೆ ತೋರಿಸುತ್ತಿದ್ದ. ಮೇಡಂ ಗೋ ಅವನ ಮೊಬೈಲಿನಲ್ಲಿ ಅದನ್ನು ಓದಿ, ಕೆಳಗಿದ್ದ ಹೆಸರು ನೋಡಿ, “ಈ ಅನಸೂಯ ಫೋನಿನಲ್ಲೂ ಹೀಗೇ ಮಾತಾಡ್ತಾಳಾ?” ಎಂದು ಕೇಳಿದ್ದರು. ಅವರ ಗುಮಾಸ್ತ ನಿವೃತ್ತನಾಗಿ ಎರಡು ತಿಂಗಳಾಗಿತ್ತು, ಆ ಜಾಗ ಇನ್ನೂ ಖಾಲಿಯಿತ್ತು.

“ಅನು ಅಂತ ಗೊತ್ತಿತ್ತೇ ಹೊರತು ಪೂರ್ತಿ ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿರಲಿಲ್ಲ” ಎಂದರು ಮೇಡಂ ಗೋ. “ಮೀನು ಕಂಡ್ರೆ ಭಯ ಇಲ್ವಲ್ಲ?”

“ಇಲ್ಲ ಮೇಡಂ. ತಿನ್ನಲ್ಲ, ಅಷ್ಟೇ.”

“ಒಳ್ಳೇದೇ ಆಯ್ತು. ಇಲ್ಲಿನವು ತಿನ್ನೋ ಮೀನಲ್ಲ.”

ಆ ಸಂಜೆ ಮನೆಯಲ್ಲಿ ದೊಡ್ಡ ವಾದ ನಡೆಯಿತು. ಕೆಲಸ ಕೊಡಿಸಿದ್ದು ಲಿಂಕ್ಡ್‌ಇನ್, ಆದ್ದರಿಂದ ತನಗೊಂದು ಟ್ರೀಟ್ ಬರಬೇಕು ಎಂದಳು ವರ್ಣಿಕಾ. ಕೊಡಿಸಿದ್ದು ಕೊಕ್ ವಾಯ್, ಅವನು ಮೊಬೈಲು ತೋರಿಸದಿದ್ದರೆ ಮೇಡಂ ಗೋ ಆ ಸೈಟನ್ನು ಜನ್ಮದಲ್ಲಿ ನೋಡುತ್ತಿರಲಿಲ್ಲ ಎಂದ ಸಂಪತ್.

“ಆ ನಲವತ್ತು ಅರ್ಜಿಯಿಂದ ಏನೂ ಆಗ್ಲಿಲ್ಲ, ಅದು ನಿಜ” ಎಂದಳು ಅನಸೂಯ. “ಆದ್ರೆ ಆ ಮೇಡಂ ನನ್ನನ್ನ ಹುಡುಕಬೇಕು ಅಂದ್ರೆ ಎಲ್ಲಿ ಹುಡುಕೋರು? ಬರೀ ಅನು ಅಂತ ಕೇಳ್ಕೊಂಡು ಪಾಸಿರ್ ಪಂಜಾಂಗೆಲ್ಲ ಸುತ್ತೋದಕ್ಕಾಗುತ್ತಾ? ಟ್ರೀಟ್ ಇಬ್ಬರಿಗೂ ಕೊಡ್ತೀನಿ, ಕೊಕ್ ವಾಯ್‌ನೂ ಕರೀರಿ.” ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ನಾಲ್ವರೂ ದೋಸೆ ತಿಂದರು.

ಮೈಸೂರಿನಲ್ಲಿರುವ ಅಕ್ಕ ಹಂಸಾಳಿಗೆ ಸುದ್ದಿ ತಿಳಿಸುವುದೇ ಕಷ್ಟವಾಯಿತು. “ಮೀನಿನ ಅಂಗಡೀಲಿ ಕೆಲ್ಸಾನಾ?” ಎಂದು ಆಕೆ ಫೋನಿನಲ್ಲಿ ಮೂರು ಸಲ ಕೇಳಿದಳು. ವಿಡಿಯೋದಲ್ಲಿ ಕೆಂಪು, ನೀಲಿ ಮೀನುಗಳನ್ನು ತೋರಿಸಿದ ಮೇಲೆ ಸಮಾಧಾನವಾಗಿ, ಅವಕ್ಕೆ ಏನು ತಿನ್ನಲು ಹಾಕುತ್ತಾರೆಂದು ವಿಚಾರಿಸಿದಳು.

ಸೆಪ್ಟೆಂಬರ್ ಮೊದಲ ವಾರ ಅನಸೂಯ ತನ್ನ ಕೈಯಾರೆ ಮೊದಲ ರವಾನೆಯ ಕಾಗದ ಸಿದ್ಧಪಡಿಸಿದಳು: ಹದಿನಾಲ್ಕು ಪೆಟ್ಟಿಗೆ, ಮೂರು ಸಾವಿರದ ಇನ್ನೂರು ಪುಟ್ಟ ಮೀನು, ಜರ್ಮನಿಗೆ. ಮೀನಿನ ಲ್ಯಾಟಿನ್ ಹೆಸರುಗಳನ್ನು ಒಂದೊಂದಕ್ಷರವಾಗಿ ಮೂರು ಸಲ ಓದಿದಳು. ಹೊಲಿಗೆ ಯಂತ್ರವಾದರೆ ಬಂದರಿನಲ್ಲಿ ಕಾಯುತ್ತದೆ, ಇವು ಕಾಯುವುದಿಲ್ಲ. ಪೆಟ್ಟಿಗೆಗಳ ಲಾರಿ ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದಳು.

ಮರುದಿನ ಮಧ್ಯಾಹ್ನ ಮೇಡಂ ಗೋ ರಬ್ಬರ್ ಬೂಟು ಹಾಕಿಕೊಂಡೇ ಆಫೀಸಿನೊಳಗೆ ಬಂದು ತಮ್ಮ ಮೊಬೈಲನ್ನು ಅವಳ ಮೇಜಿನ ಮೇಲಿಟ್ಟರು. ಜರ್ಮನಿಯಿಂದ ಬಂದ ಸಂದೇಶದಲ್ಲಿ ಇದ್ದದ್ದು ಎರಡೇ ಪದ: ‘ಆಲ್ ಸ್ವಿಮ್ಮಿಂಗ್.’ ಅನಸೂಯ ಅದನ್ನು ಎರಡು ಸಲ ಓದಿ, ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆದಳು.