ಯಾಕಕ್ಕನ ಟ್ರಕ್ಕು ಮತ್ತು ಕೆಂಪು ಎಣ್ಣೆ

ಅವಳಿಗೆ ಯಾಕಕ್ಕ ಎಂಬ ಹೆಸರು ಬಿದ್ದದ್ದು ಮದುವೆಯಾಗಿ ಬಂದ ಹೊಸದರಲ್ಲೇ. ಅತ್ತೆ ಬಿಳಿ ಬಟ್ಟೆಗೆ ನೀಲಿ ಹಾಕುತ್ತಿದ್ದರು. ಬಿಳಿ ಬಟ್ಟೆ ಇನ್ನಷ್ಟು ಬೆಳ್ಳಗಾಗಲು ನೀಲಿ ಯಾಕೆ ಬೇಕು ಎಂದು ಸೊಸೆ ಕೇಳಿದಳು. ಜೀವಮಾನವೆಲ್ಲ ನೀಲಿ ಹಾಕಿದ ಅತ್ತೆಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಹಾಕಬೇಕು, ಅದಕ್ಕೇ ಹಾಕುತ್ತೇವೆ ಎಂದರು. ಸೊಸೆ ಸಂಜೆಯವರೆಗೂ ಬೆನ್ನು ಬಿಡಲಿಲ್ಲ. ಕೊನೆಗೆ ಅತ್ತೆ ಸೋತು, ನಾವು ತಂದದ್ದು ಸೊಸೆಯನ್ನಲ್ಲ, ಪ್ರಶ್ನೆಪತ್ರಿಕೆಯನ್ನು ಎಂದು ನಕ್ಕುಬಿಟ್ಟರು. ಪಕ್ಕದಲ್ಲಿದ್ದ ಮೈದುನ "ಯಾಕಕ್ಕ" ಅಂದ. ಅವನು ಮುಂದೆ ಅವಳನ್ನು ಅತ್ತಿಗೆ ಎಂದೇ ಕರೆದ. ಬೀದಿಯವರು ಮಾತ್ರ ಯಾಕಕ್ಕನನ್ನು ಬಿಡಲಿಲ್ಲ.

ಅವರದು ಲಾಂಡ್ರಿ. ಆಸ್ಪತ್ರೆಯ ಮೇಲುಹಾಸು, ಹಾಸ್ಟೆಲಿನ ದಿಂಬಿನ ಚೀಲ, ಹೋಟೆಲಿನ ಮೇಜುಬಟ್ಟೆ ಎಲ್ಲ ಅಲ್ಲಿಗೆ ಬರುತ್ತಿದ್ದವು. ದೊಡ್ಡ ಒಗೆಯುವ ಯಂತ್ರಗಳು ಗಂಡನ ಪಾಲು, ಕಿಟಕಿಯ ಪಕ್ಕದ ಕಲೆ ತೆಗೆಯುವ ಮೇಜು ಅವಳ ಪಾಲು. ಕಲೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿ, ಇದು ಚಹಾ, ಇದು ತುಕ್ಕು, ಇದು ಕೆಮ್ಮಿನ ಔಷಧ ಎಂದು ಹೇಳುತ್ತಿದ್ದಳು. ಯಾರೋ ಕದ್ದು ಚಾಕಲೇಟು ತಿಂದು ದಿಂಬಿಗೆ ಬಾಯಿ ಒರೆಸಿಕೊಂಡಿದ್ದಾರೆ ಎಂಬುದೂ ಅವಳಿಂದ ಮುಚ್ಚಿಡಲಾಗುತ್ತಿರಲಿಲ್ಲ.

ಬಟ್ಟೆಗಂಟುಗಳನ್ನು ಸಾಗಿಸುವ ಟ್ರಕ್ಕನ್ನು ಓಡಿಸುತ್ತಿದ್ದವಳೂ ಅವಳೇ. ಚಿಕ್ಕಂದಿನಲ್ಲಿ ಬಿದ್ದು ಮುರಿದ ಎಡ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಕ್ಲಚ್ ತುಳಿಯುವ ಗಾಡಿ ತನ್ನ ಪಾಲಿಗಿಲ್ಲ ಎಂದು ಅವಳು ಎಂದೋ ಕೈಬಿಟ್ಟಿದ್ದಳು. ದೂರದೂರಿಗೆ ಲಾರಿ ಓಡಿಸುವ ಮೈದುನ, ಯಾವುದೋ ಕಾರ್ಖಾನೆ ಮೂಲೆಗೆ ತಳ್ಳಿದ್ದ ಒಂದು ಹಳೆಯ ಟ್ರಕ್ಕನ್ನು ಮನೆ ಮುಂದೆ ತಂದು ನಿಲ್ಲಿಸಿದ. ಗೇರು ತಾನೇ ಬದಲಾಗುವಂಥದ್ದು, ಕಾಲ ಕೆಳಗೆ ಎರಡೇ ಪೆಡಲು.

"ಅತ್ತಿಗೆ, ಇದರಲ್ಲಿ ಎಡಗಾಲಿಗೆ ಕೆಲಸಾನೇ ಇಲ್ಲ. ನಿಮಗೋಸ್ಕರಾನೇ ಹುಟ್ಟಿರೋ ಗಾಡಿ," ಎಂದ.

ಅವನೇ ಪಕ್ಕದಲ್ಲಿ ಕೂತು ಕಲಿಸಿದ. ಅವಳು ಮೊದಲ ಸಲ ಒಬ್ಬಳೇ ಆಸ್ಪತ್ರೆಯ ಹಿಂಬಾಗಿಲಿಗೆ ಟ್ರಕ್ಕನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ ದಿನ, ಇಳಿಯಲು ಮನಸ್ಸಾಗದೆ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದಳಂತೆ.

ಕೆಲವು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಟ್ರಕ್ಕು ಮುನಿಸಿಕೊಳ್ಳತೊಡಗಿತು. ಬೆಳಿಗ್ಗೆ ಹೊರಟಾಗ ಏನೂ ಇಲ್ಲ. ಮಧ್ಯಾಹ್ನ ಹೊರೆ ಹೊತ್ತು ಆಸ್ಪತ್ರೆಯ ಏರು ಹತ್ತುವಾಗ ಮಾತ್ರ ಎಂಜಿನ್ನು ಗಂಟಲು ಹರಿಯುವಂತೆ ಕೂಗುವುದು, ಚಕ್ರಗಳಿಗೆ ಅದು ಕೇಳಿಸದೇ ಇದ್ದಂತೆ ಗಾಡಿ ತೆವಳುವುದು. ತಿರುವಿನ ಗ್ಯಾರೇಜಿನ ಯಜಮಾನ ಓಡಿಸಿ ನೋಡಿದ. ಒಳ್ಳೆಯ ಮನುಷ್ಯ, ಬಾಯಲ್ಲಿ ಸುಳ್ಳಿಲ್ಲ.

"ನಾನು ಕ್ಲಚ್ಚಿನ ಡಾಕ್ಟರಮ್ಮ. ಈ ಪೆಟ್ಟಿಗೆ ಒಳಗೆ ಏನು ನಡೆಯುತ್ತೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಇದನ್ನ ಬಿಚ್ಚಿಟ್ಟು ಮಾಮೂಲಿ ಗೇರ್‌ಬಾಕ್ಸ್ ಹಾಕಿಬಿಡೋಣ," ಎಂದ.

ಮಾಮೂಲಿ ಎಂದರೆ ಕ್ಲಚ್ಚು ಎಂಬುದು ಅವಳಿಗೆ ಆ ಕ್ಷಣವೇ ತಿಳಿಯಿತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದಳು. ಊಟ ರುಚಿಸಲಿಲ್ಲ. ಗಂಡ, ಬಿಡು, ಒಬ್ಬ ಡ್ರೈವರನ್ನು ಇಟ್ಟುಕೊಳ್ಳೋಣ ಎಂದು ಸಮಾಧಾನಕ್ಕೆ ಹೇಳಿದ. ಆ ಸಮಾಧಾನವೇ ಅವಳಿಗೆ ಹೆಚ್ಚು ಚುಚ್ಚಿತು.

ಮರುದಿನ ಕಲೆಯ ಮೇಜಿಗೆ ಒಂದು ಮೇಲುಹಾಸು ಬಂತು. ಇಳಿಸುವಾಗ ಗಂಟು ಬಿಚ್ಚಿ ಅಂಗಳದಲ್ಲಿ, ಟ್ರಕ್ಕಿನ ಹೊಟ್ಟೆಯ ಕೆಳಗೆ ಬಿದ್ದಿದ್ದ ಬಟ್ಟೆ ಅದು. ನಡುವೆ ಕೆಂಪು ಕಲೆ. ಇಸ್ತ್ರಿ ಹಾಕುವ ಹೆಂಗಸು ರಕ್ತ ಎಂದು ಬದಿಗಿಟ್ಟಿದ್ದಳು. ಯಾಕಕ್ಕ ಬೆಳಕಿಗೆ ಹಿಡಿದಳು. ರಕ್ತ ಒಣಗಿದರೆ ಕಂದುಬಣ್ಣಕ್ಕೆ ತಿರುಗುತ್ತದೆ, ಗಡುಸಾಗುತ್ತದೆ. ಇದು ಇನ್ನೂ ಕೆಂಪಗೇ ಇದ್ದು, ಅಂಚಿನಲ್ಲಿ ಜಿಡ್ಡಾಗಿ ಹರಡಿತ್ತು. ಮೂಸಿದಳು. ಎಣ್ಣೆ, ಅದರ ಹಿಂದೆಯೇ ಸೀದ ವಾಸನೆ. ಕೆಲಸ ಅಲ್ಲಿಗೇ ಬಿಟ್ಟು ಅಂಗಳಕ್ಕೆ ಹೋದಳು.

ಟ್ರಕ್ಕಿನ ಬಾನೆಟ್ಟು ಎತ್ತಿ, ಗೇರ್‌ಪೆಟ್ಟಿಗೆಯ ಎಣ್ಣೆ ಅಳೆಯುವ ಉದ್ದ ಕಡ್ಡಿಯನ್ನು ಎಳೆದಳು. ಭಾನುವಾರ ಮನೆಗೆ ಬಂದಾಗಲೆಲ್ಲ ಮೈದುನ ಬೆಳಗ್ಗೆಯೇ ಎಂಜಿನ್ನು ಚಾಲು ಮಾಡಿ, ಇದೇ ಕಡ್ಡಿ ಎಳೆದು ನೋಡಿ, ಕಡಿಮೆ ಇದೆ ಎಂದು ಒಂದಿಷ್ಟು ಕೆಂಪು ಎಣ್ಣೆ ಸುರಿಯುವುದನ್ನು ಅವಳು ನೋಡಿದ್ದಳು. ಇಂಥ ಪೆಟ್ಟಿಗೆಗಳಲ್ಲಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ತಳ್ಳುವುದು ಎಣ್ಣೆಯೇ, ಅವು ಸಾಯುವುದೇ ಎಣ್ಣೆ ಸಾಲದೆ ಎಂದು ಅವನಿಗೆ ಯಾರೋ ಹೇಳಿದ್ದರು. ಹಾಗಿದ್ದರೆ ತುಂಬಿದ್ದ ಎಣ್ಣೆ ಹೊರಗೆ ಯಾಕೆ ಬಂತು? ಬೆಳಿಗ್ಗೆ ಇಲ್ಲದ ರೋಗ ಮಧ್ಯಾಹ್ನ ಯಾಕೆ?

ಕಡ್ಡಿಯ ತುದಿಗೆ ವರ್ಷಗಳ ಕಿಲುಬು ಮೆತ್ತಿಕೊಂಡಿತ್ತು. ಕಿಲುಬು ಕಂಡರೆ ಅವಳ ಕೈ ಸುಮ್ಮನಿರದು. ಸೋಡಾಪುಡಿ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಒರೆಸಿ ಬಿಸಿಲಿಗೆ ಹಿಡಿದಾಗ ಲೋಹದ ಮೇಲೆ ಸಣ್ಣ ಅಕ್ಷರಗಳು ಎದ್ದವು. ಮೇಲಿನ ಗೆರೆಗಳ ಪಕ್ಕ "ಹಾಟ್" ಎಂದಿತ್ತು. ಇನ್ನೂ ಕೆಳಗೆ, ಬೇರೆಯೇ ಎರಡು ಗುರುತು, ಅಲ್ಲಿ "ಕೋಲ್ಡ್". ಬಿಸಿಗೆ ಒಂದು ಅಳತೆ, ತಣ್ಣಗಿದ್ದಾಗ ಇನ್ನೊಂದು. ಇಷ್ಟು ದಿನ ಕಿಲುಬಿನ ಮೇಲೆ ಕಾಣುತ್ತಿದ್ದದ್ದು ಮೇಲಿನ ಗೆರೆ ಮಾತ್ರ. ಮೈದುನ ತಣ್ಣನೆಯ ಎಣ್ಣೆಯನ್ನು ಬಿಸಿಯ ಗೆರೆಯವರೆಗೆ ತುಂಬುತ್ತಾ ಬಂದಿದ್ದ.

ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ, ಅಲ್ಲಿಗೆ ಅದು ಗೆರೆ ದಾಟುತ್ತದೆ. ಅಷ್ಟು ಅವಳಿಗೆ ಹೊಳೆಯಿತು. ಹೆಚ್ಚಾದರೆ ಗಾಡಿ ಯಾಕೆ ಎಳೆಯುವುದಿಲ್ಲ ಎಂಬುದು ಮಾತ್ರ ಬಗೆಹರಿಯಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಒಗೆಯುವ ಕೋಣೆಯಲ್ಲಿ. ಯಂತ್ರಕ್ಕೆ ಸೋಪು ಹೆಚ್ಚು ಬಿದ್ದು ಬಾಗಿಲ ಗಾಜಿನ ತುಂಬ ನೊರೆ. ಪಂಪು ಬರಿಗಾಳಿ ಎಳೆದು ಒದರುತ್ತಿತ್ತು, ಗಂಡ ಬೈಯುತ್ತಾ ನೀರು ಬಿಡುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಪೆಟ್ಟಿಗೆಯೊಳಗೆ ತಿರುಗುವ ಭಾಗಗಳು ಮಿತಿಮೀರಿದ ಎಣ್ಣೆಯಲ್ಲಿ ಅದ್ದಿ ಅದನ್ನು ಕಡೆಯುತ್ತಿರಬೇಕು. ಎದ್ದ ನೊರೆ ಪೆಟ್ಟಿಗೆ ಉಸಿರು ಬಿಡುವ ತೂತಿನಿಂದ ಉಕ್ಕುತ್ತಿರಬೇಕು.

"ರೀ, ನೊರೆಗೆ ತಳ್ಳೋ ಶಕ್ತಿ ಇದೆಯಾ?" ಎಂದಳು.

"ನೊರೆಗೆಂಥ ಶಕ್ತಿ? ಗಾಳಿ ಅದು," ಎಂದ ಗಂಡ. ಪ್ರಶ್ನೆ ಯಾಕೆ ಎಂದು ಕೇಳಲಿಲ್ಲ. ಅದು ಅವನಿಗೆ ಅಭ್ಯಾಸವಾಗಿತ್ತು.

ಭಾನುವಾರ ಮೈದುನ ಬಂದ. ಅವನಿಗೆ ಹೇಗೆ ಹೇಳುವುದು ಎಂದು ಅವಳಿಗೆ ಒಳಗೊಳಗೇ ಅಳುಕು. ಗಾಡಿ ತಂದವನು, ಓಡಿಸಲು ಕಲಿಸಿದವನು. ಅದಕ್ಕೇ ಉಜ್ಜಿದ ಕಡ್ಡಿಯ ಗುರುತುಗಳನ್ನು ತೋರಿಸಿ, ತಣ್ಣಗಿದ್ದಾಗೊಮ್ಮೆ ಬಿಸಿಯಾದಾಗೊಮ್ಮೆ ಅಳೆದು ನೋಡೋಣ ಎಂದಷ್ಟೇ ಹೇಳಿದಳು. ಎಂಜಿನ್ನು ತಣ್ಣಗಿದ್ದಾಗ ಅವನೇ ಚಾಲು ಮಾಡಿ ಅಳೆದ: ಎಣ್ಣೆ ಹಾಟ್ ಗೆರೆಯ ಹತ್ತಿರ ನಿಂತಿತ್ತು. ಹೊರೆ ತುಂಬಿ ಏರು ಹತ್ತಿ ಇಳಿದು ಬಂದರು. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ನು ಓಡುತ್ತಿರುವಾಗಲೇ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದ. ಎಣ್ಣೆ ಗೆರೆಗಳನ್ನೆಲ್ಲ ದಾಟಿ ಬಹಳ ಮೇಲೇರಿತ್ತು, ಮೈತುಂಬ ಸಣ್ಣ ಗುಳ್ಳೆ. ಅವನು ಕಡ್ಡಿಯನ್ನು ಬಿಸಿಲಿಗೆ ತಿರುಗಿಸಿ ಅಕ್ಷರಗಳನ್ನು ಮತ್ತೊಮ್ಮೆ ಓದಿದ.

"ಅಂದ್ರೆ ಕೆಡ್ಸಿದ್ದು ನಾನೇನಾ, ಅತ್ತಿಗೆ?"

"ಅಕ್ಷರ ಕಾಣ್ತಿರ್ಲಿಲ್ಲ ಕಣಪ್ಪ. ಕಂಡಿದ್ರೆ ಯಾರೂ ಹಾಕ್ತಿರ್ಲಿಲ್ಲ."

ಅವನ ಮುಖ ಸಣ್ಣದಾಯಿತು. ಮೆಟ್ಟಿಲ ಮೇಲೆ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತದೆ, ಇವನು ಚಿಕ್ಕವನಿದ್ದಾಗ ಬೆಕ್ಕಿನ ಮರಿಗೂ ಹೀಗೇ ಹಾಲು ಕುಡಿಸಿ ಕುಡಿಸಿ ಹೊಟ್ಟೆ ಕೆಡಿಸಿದ್ದ ಎಂದರು. ಮೊದಲು ನಕ್ಕವನು ಅವನೇ.

ಸೋಪಿನ ಡ್ರಮ್ಮಿನಿಂದ ಸೋಪುನೀರು ಎಳೆಯುವ ಕೈಪಂಪನ್ನು ಚೆನ್ನಾಗಿ ತೊಳೆದು ಒಣಗಿಸಿದರು. ಎಂಜಿನ್ನು ನಿಲ್ಲಿಸಿ, ಕಡ್ಡಿಯ ಕೊಳವೆಯೊಳಗೆ ಸಣ್ಣ ಪೈಪು ಇಳಿಸಿ, ಸ್ವಲ್ಪ ಸ್ವಲ್ಪವೇ ಎಣ್ಣೆ ಎಳೆದರು. ಎಳೆಯುವುದು, ಚಾಲು ಮಾಡುವುದು, ಅಳೆಯುವುದು, ಮತ್ತೆ ಎಳೆಯುವುದು. ಮೈದುನ ಅವಸರಪಟ್ಟರೆ ಅವಳು ತಡೆಯುತ್ತಿದ್ದಳು. ಎಣ್ಣೆ ಹಾಟ್ ಗೆರೆಗಳ ನಡುವೆ ಬಂದು ನಿಂತಾಗ ಇಬ್ಬರ ತೋಳೂ ಕೆಂಪಾಗಿದ್ದವು. ಮಧ್ಯಾಹ್ನ ಅವಳೇ ಏರು ಹತ್ತಿಸಿದಳು. ಎಂಜಿನ್ನು ಕೂಗಲಿಲ್ಲ. ಗೇರು ಬದಲಾದದ್ದು ಬೆನ್ನಿಗೆ ಹಗುರಾಗಿ ತಾಗಿತು, ಅಷ್ಟೇ.

ಹಾಗೆಂದು ಎಲ್ಲ ನೆಟ್ಟಗಾಗಲಿಲ್ಲ. ಎಳೆದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿದರೆ ಹೊಸ ಎಣ್ಣೆಯ ಅಚ್ಚ ಕೆಂಪು ಅದರಲ್ಲಿರಲಿಲ್ಲ, ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗತೊಡಗಿತ್ತು. ಸೀದದ್ದು ಸೀದದ್ದೇ. ಅವಳು ಆ ಬಟ್ಟೆಯನ್ನು ಗ್ಯಾರೇಜಿಗೆ ಒಯ್ದಳು. ಯಜಮಾನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪೆಟ್ಟಿಗೆಯ ತಳದ ತಟ್ಟೆ ಬಿಚ್ಚೋಣ, ನೋಡುವ ಆಸೆ ನನಗೂ ಇದೆ ಎಂದ. ತಟ್ಟೆಯೊಳಗಿನ ಅಯಸ್ಕಾಂತಕ್ಕೆ ಕಬ್ಬಿಣದ ಹುಡಿ ಸಣ್ಣಗೆ ಅಂಟಿತ್ತು, ಚೂರುಗಳಿರಲಿಲ್ಲ. ಬದುಕುವ ಪೆಟ್ಟಿಗೆ ಎಂದು ಅವನು ಹೇಳಿದಾಗ ಅವಳು ಪಕ್ಕದ ಟೈರಿನ ಮೇಲೆ ಕೂತುಬಿಟ್ಟಳು. ಎಣ್ಣೆ ಸೋಸುವ ಹೊಸ ಜಾಲರಿ, ಹೊಸ ಪ್ಯಾಕಿಂಗು, ಆ ಪೆಟ್ಟಿಗೆಗೆ ಹೊಂದುವ ಹೊಸ ಎಣ್ಣೆ ಬಿದ್ದವು. ತಣ್ಣಗಿನ ಬೆಳಿಗ್ಗೆಗಳಲ್ಲಿ ಮೊದಲ ಗೇರು ಹಿಡಿಯಲು ಟ್ರಕ್ಕು ಆಮೇಲೂ ತುಸು ತಡಮಾಡುತ್ತಿತ್ತು. ವಯಸ್ಸಾಯಿತಲ್ಲ ಎಂದು ಅವಳು ಕಾಯುತ್ತಿದ್ದಳು.

ಈಚೆಗೆ ಗ್ಯಾರೇಜಿಗೆ ಒಂದು ಹೊಸ ಕಾರು ಬಂತು, ಅದೂ ತಾನೇ ಗೇರು ಬದಲಿಸಿಕೊಳ್ಳುವಂಥದ್ದು. ಯಜಮಾನ ಯಾಕಕ್ಕನಿಗೆ ಹೇಳಿ ಕಳಿಸಿದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಹೋಗಿ ಬಾನೆಟ್ಟಿನೊಳಗೆಲ್ಲ ತಡಕಾಡಿದಳು. ಎಣ್ಣೆ ಅಳೆಯುವ ಕಡ್ಡಿಯೇ ಇಲ್ಲ. ಈಗಿನವರು ಅದನ್ನು ಇಡುವುದೇ ಇಲ್ಲವಂತೆ, ಕೆಳಗಿನಿಂದ ಪೆಟ್ಟಿಗೆಯ ಬಿರಡೆ ಬಿಚ್ಚಿ ನೋಡಬೇಕಂತೆ ಎಂದ ಅವನು.

"ಯಾಕಂತೆ?" ಎಂದಳು.

ಅವನು ಒಂದು ಗೋಣಿಚೀಲ ತರಿಸಿ ನೆಲಕ್ಕೆ ಹಾಸಿಕೊಟ್ಟ. ಅವಳು ಎಡಗಾಲನ್ನು ನೀಟಾಗಿ ಚಾಚಿಕೊಂಡು ಕಾರಿನ ಅಡಿಗೆ ಸರಿದಳು.