ನಿಂತ ಚಿತ್ರದಲ್ಲಿ ಓಡಿದ ಜೀಪು

ನನ್ನ ಗಂಡ ಹೋಟೆಲು ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ದಿನಾ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಒಬ್ಬ ಕಳ್ಳ ಓಡುತ್ತಿದ್ದ, ಒಬ್ಬ ಪೊಲೀಸು ಅಟ್ಟಿಸಿಕೊಂಡು ಹೋಗುತ್ತಿದ್ದ. ಮುಂಬಯಿ ಹತ್ತಿರದ ನಮ್ಮ ಠಾಣೆ ಊರಿನ ರೈಲು ಸ್ಟೇಶನ್ನಿನ ಹೊರಗೆ ಫುಟ್‌ಪಾತಿನಲ್ಲಿ ಹಳೆಯ ಹಿಂದಿ ಪಿಚ್ಚರುಗಳ ಸೀಡಿ ರಾಶಿ ಹಾಕಿ ಮಾರುತ್ತಿದ್ದ ಕಾಲ ಅದು. ಇವರು ಅದರಲ್ಲಿ ಹೀಗೆ ಅಟ್ಟಿಸಿಕೊಂಡು ಓಡುವ ಪಿಚ್ಚರುಗಳನ್ನೇ ಹುಡುಕಿ ತರುತ್ತಿದ್ದರು.

ಅವನ್ನೆಲ್ಲ ಅವರು ಪ್ರಾಯದಲ್ಲೇ ನೋಡಿಯಾಗಿತ್ತು. ನೌಪಾಡಾದ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲಿ ಮ್ಯಾಟಿನಿಗೆ ಓಡುವುದು, ಅರ್ಧದಲ್ಲಿ ಎದ್ದು ಬಂದು ಬೋಂಡ ಕರಿಯುವುದು. ಉಳಿದರ್ಧ ನೋಡಲು ಮತ್ತೊಂದು ದಿನ. ಹೀಗೆ ಒಂದೊಂದು ಪಿಚ್ಚರು ಹತ್ತು ಸಲ ನೋಡಿ ಬಾಯಿಪಾಠ ಮಾಡಿಕೊಂಡಿದ್ದರು.

ನಾನು ಅಲಸಂಡೆ ಮುರಿಯುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ. ಅಂಥ ಮೂರ್ಖ ಪಿಚ್ಚರುಗಳನ್ನು ನಾನು ಬೇರೆ ಕಾಣೆ. ಹತ್ತು ಜನ ಬಂದೂಕು ಹಿಡಿದು ಹಿಂದೆ ಬಿದ್ದರೂ ಒಬ್ಬನಿಗೂ ಗುರಿ ಬಾರದು. ಹೀರೋ ರೈಲಿನ ಮೇಲೆ ಓಡಿದರೂ ಬಾಚಿದ ತಲೆ ಕೆದರದು. ದಿವಾ ಸ್ಟೇಶನ್ನಿನ ಬೆಳಗಿನ ನೂಕುನುಗ್ಗಲಿನಲ್ಲಿ ಒಂದು ಲೋಕಲ್ ರೈಲು ಹತ್ತಿ ತೋರಿಸಲಿ ಅವನು. ಹೊಸ ಕಾರು ಗುಡ್ಡದ ತುದಿಗೆ ಹೋಗುತ್ತದೆ, ಕೆಳಗೆ ಬೀಳುವುದು ಬಣ್ಣ ಬಳಿದ ಗುಜರಿ. ತರಕಾರಿ ಗಾಡಿಯೊಂದು ಮಗುಚದೆ ಯಾವ ಅಟ್ಟಾಟವೂ ಮುಗಿಯದು. ಆ ಟೊಮೆಟೊ ಹೆಕ್ಕಲು ಒಬ್ಬ ಹೀರೋನೂ ಬಗ್ಗಿದ್ದಿಲ್ಲ. ಇದನ್ನು ಹೇಳಿದರೆ ಇವರು, ನಿನಗೆ ಪಿಚ್ಚರು ನೋಡಲು ಬರುವುದಿಲ್ಲ ಅನ್ನುತ್ತಿದ್ದರು. ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುವ ಚಟ ಬೇರೆ.

ಒಂದು ದಿನ ಸೀಡಿಗೆ ಗೀರು ಬಿದ್ದು ಚಿತ್ರ ನಿಂತಿತು. ಖಳನ ಅರ್ಧ ಮುಖ ಚೌಕ ಚೌಕವಾಗಿ ಪರದೆಗೆ ಅಂಟಿಕೊಂಡಿತು. ಶಬ್ದ ಮಾತ್ರ ಓಡುತ್ತಲೇ ಇತ್ತು. ಇವರು ಕುರ್ಚಿಯ ತುದಿಗೆ ಬಂದು ಹೇಳಿದರು:

"ಈಗ ನೋಡು, ಜೀಪು ಹಾರ್ತದೆ. ಹಾರಿತು. ಹೇಗೆ?"

ನಾನು ಪರದೆ ನೋಡಿದೆ, ಅವರ ಮುಖ ನೋಡಿದೆ. ಕೈಯಲ್ಲಿದ್ದ ಅಲಸಂಡೆ ತಟ್ಟೆಗೆ ಹಾಕಿದೆ.

"ಈಗ ಟೀವಿಯಲ್ಲಿ ಎಂತ ಕಾಣ್ತದೆ, ಹೇಳಿ."

ಅವರು ಕಣ್ಣುಜ್ಜಿಕೊಂಡು ಪರದೆಯತ್ತ ಬಗ್ಗಿದರು.

ನನಗೆ ಮೊದಲು ನೆನಪಾದದ್ದು ಮನೆ ಹತ್ತಿರದ ಮಾಜಿವಾಡಾದ ಹೈವೇ. ಮಗ, ಸೊಸೆ ಇಬ್ಬರೂ ನವಿ ಮುಂಬಯಿಗೆ ಕೆಲಸಕ್ಕೆ ಬೇಗ ಹೊರಡುವವರು. ಆರು ವರ್ಷದ ಮೊಮ್ಮಗಳನ್ನು ದಿನಾ ಬೆಳಿಗ್ಗೆ ಹೈವೇ ದಾಟಿಸಿ ಶಾಲೆಗೆ ಬಿಡುವವರು ಇವರೇ. ನನ್ನ ಮೊಣಕಾಲು ನೋವೆಂದು ನಾನೇ ಒಪ್ಪಿಸಿದ ಕೆಲಸ ಅದು.

ಎಷ್ಟು ಸಮಯದಿಂದ ಹೀಗೆ ಎಂದು ಕೇಳಿದರೆ, ಸ್ವಲ್ಪ ಮಂಜು ಅಷ್ಟೇ ಅಂದರು. ಆಪರೇಶನ್ನಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರಂತೆ. ನೆಲದಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದ ಮೊಮ್ಮಗಳು ತಲೆಯೆತ್ತಿ, "ಅಜ್ಜಿ, ಸಿಗ್ನಲ್ ಮೈ ಬತಾತಿ ಹೂಂ ನಾ ಅಜ್ಜಾ ಕೋ," ಅಂದಿತು. ಸಿಗ್ನಲ್ ಕೆಂಪೋ ಹಸಿರೋ ಎಂದು ಅಜ್ಜನಿಗೆ ಹೇಳುವುದು ಅದರ ಕೆಲಸವಂತೆ. ಮನೆಯಲ್ಲಿ ಹೇಳಬಾರದೆಂದು ಅಜ್ಜನ ಕಟ್ಟಪ್ಪಣೆ.

"ಮಗುವಿಗೆ ಏನಾದ್ರೂ ಆಗಿದ್ರೆ ನಿಮ್ಮ ಹೀರೋ ಬರ್ತಿದ್ದನಾ?" ಎಂದು ಕೇಳಿದೆ. ಮಗ ಮನೆಗೆ ಕಾಲಿಟ್ಟ ಕೂಡಲೇ ಎಲ್ಲ ಹೇಳಿದೆ.

ಎರಡೂ ಕಣ್ಣಿನ ಪೊರೆಯನ್ನು ಒಂದರ ಹಿಂದೆ ಒಂದು ತೆಗೆಸಿದೆವು. ಡಾಕ್ಟರು ಕೇಳಿದ್ದಕ್ಕೆ ಇವರು ಒಂದು ತಿಂಗಳಿಂದ ಅಂದರು, ವರ್ಷ ದಾಟಿರಬೇಕು ಎಂದು ನಾನು ತಿದ್ದಿದೆ. ಆಪರೇಶನ್ ಮುಗಿದು ಕಣ್ಣು ವಾಸಿಯಾಗುವವರೆಗೆ ಕುಂಟುತ್ತಾ ನಾನೇ ಮಗುವನ್ನು ದಾಟಿಸಿದೆ. ಲಾರಿ, ಟ್ಯಾಂಕರು, ರಿಕ್ಷಾ. ಯಾವನೂ ಯಾರನ್ನೂ ಅಟ್ಟಿಸುತ್ತಿರಲಿಲ್ಲ, ಆದರೂ ಎಲ್ಲರದೂ ಅದೇ ಓಟ. ಮಗುವಿನ ಕೈ ಗಟ್ಟಿ ಹಿಡಿದು, ಎರಡೆರಡು ಸಿಗ್ನಲ್ ಬಿಟ್ಟು ದಾಟುತ್ತಿದ್ದೆ.

ಇನ್ನು ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಇವರು ಮಗುವಿನ ಶಾಲೆಯ ಬ್ಯಾಗಿಗೆ ಕೈ ಹಾಕಿದರು. ನಾನು ಕೊಡಲಿಲ್ಲ. ಮರುದಿನ ಮೂವರೂ ಹೋದೆವು. ಫುಟ್‌ಪಾತಿನಲ್ಲಿ ನಿಲ್ಲಿಸಿ, ಬರುವ ಬಸ್ಸುಗಳ ನಂಬರು ಓದಿ ಎಂದೆ. ಮರಾಠಿ ಅಂಕಿ ನನಗೆ ಬಾರದು. ಇವರು ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಓದುವ ಹಾಗೆ ಗಟ್ಟಿಯಾಗಿ ಓದಿದರು. ಪ್ರತಿಯೊಂದಕ್ಕೂ ಮೊಮ್ಮಗಳು, "ಸಹೀ ಹೈ," ಅಂದಿತು.

ಆ ಸಾಕ್ಷಿಯನ್ನು ನಾನು ನಂಬುವುದುಂಟೇ? ಮೂಲೆಯಲ್ಲಿ ಹೂ ಮಾರುವವಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ, ಇನ್ನೂ ನಾಲ್ಕು ಬಸ್ಸು ಓದಿಸಿದೆ. ನಾಲ್ಕಕ್ಕೂ ಅವಳು ತಲೆಯಾಡಿಸಿದ ಮೇಲೆ ಬ್ಯಾಗು ಕೊಟ್ಟೆ.