ಮಾವನವರ ತಣ್ಣನೆಯ ಪಾದ

ಯುದ್ಧ ಮುಗಿದ ವರ್ಷ ನಮ್ಮ ಮಾವನವರು ಎಡವಿ, ಎಡಗಾಲ ಹೆಬ್ಬೆರಳಿಗೆ ಮಾಡಿಕೊಂಡ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಅರಿಶಿನ, ಬೇವಿನೆಣ್ಣೆ ಎಲ್ಲ ಮುಗಿದ ಮೇಲೆ ನಮ್ಮೂರು ಸಾಸಲಿನಿಂದ ಗಾಡಿ ಕಟ್ಟಿಸಿ ದೊಡ್ಡಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಚಿಕ್ಕ ವಯಸ್ಸಿನ ಡಾಕ್ಟರು ನೆಲದ ಮೇಲೆ ಕೂತು, ಎಡಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕತೊಡಗಿದರು. ಊರಿಗೇ ಹಿರಿಯರೆನಿಸಿಕೊಂಡಿದ್ದ ನಮ್ಮ ಮಾವ, ಹುಡುಗ ಕಾಲಿಗೆ ಬಿದ್ದನೆಂದುಕೊಂಡು ಡಾಕ್ಟರ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳಪ್ಪಾ" ಎಂದು ಹರಸಿಬಿಟ್ಟರು. ಡಾಕ್ಟರು ಬಲಗಾಲು ಮುಟ್ಟಿದರು; ಮತ್ತೊಂದು ಆಶೀರ್ವಾದ. ಎಡಗಾಲಿನ ಉಗುರು ಒತ್ತಿ ಬಿಟ್ಟು, ಬಿಳಿಚಿದ್ದು ಕೆಂಪಗಾಗಲು ಕಾದರು. ಅದಕ್ಕೂ ಒಂದು.

"ಯಜಮಾನ್ರೇ, ಈ ಕಾಲಲ್ಲಿ ನಾಡಿನೇ ಸಿಗ್ತಿಲ್ಲ, ಮುಟ್ಟಿದ್ರೆ ತಣ್ಣಗಿದೆ. ರಕ್ತ ಇಳೀದೆ ಗಾಯ ಹೆಂಗೆ ಮಾಯುತ್ತೆ? ಬೀಡಿ ಸೇದಿ ಸೇದಿ ರಕ್ತನಾಳ ಕಟ್ಕೊಂಡಿದೆ, ಮೊದ್ಲು ಅದನ್ನ ಬಿಡಿ," ಎಂದರು ಡಾಕ್ಟರು.

ಮಾವನವರಿಗೆ ರೇಗಿತು. "ಊರೆಲ್ಲಾ ಈ ಕಾಲಿಗೆ ಬೀಳ್ತಾರೆ ಕಣಯ್ಯಾ. ತಣ್ಣಗಿದೆ ಅಂತ ಒಬ್ರೂ ಹೇಳ್ಲಿಲ್ಲ!"

ಹಬ್ಬ ಹಬ್ಬಕ್ಕೂ ಆ ಪಾದ ಮುಟ್ಟುತ್ತಿದ್ದ ನನಗೆ ಅದು ವರ್ಷದಿಂದಲೂ ಗೊತ್ತಿತ್ತು. ಆದರೆ ಬಗ್ಗಿದ ಸೊಸೆ ಬಾಯಿ ಬಿಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ.